ಅಶೋಕನ ಆತ್ಮಾವಲೋಕನ

ಚಂದ್ರಗುಪ್ತ ಮೌರ್ಯನ ಮೊಮ್ಮಗ ಅಶೋಕನು ಪಟ್ಟಾಭಿಷಿಕ್ತನಾಗಿ 8 ವರ್ಷ ಕಳೆದಾಗ ಕಲಿಂಗವನ್ನು ಗೆದ್ದನು. 1 ಲಕ್ಷ ಜನ ಹತರಾದರು. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು. ಈ ಲೆಕ್ಕ ಕೊಟ್ಟವರು ಶತ್ರುಗಳಲ್ಲ. ಗೆದ್ದ ಅರಸನೇ ಪಶ್ಚಾತ್ತಾಪಪಟ್ಟು ತನ್ನ 13ನೆಯ ಶಿಲಾಶಾಸನದಲ್ಲಿ ಬರೆಯಿಸಿದನು. ಕಡತಗಳ ನಡುವೆ ಆಯುಷ್ಯ ಸವೆಸಿದ ನನ್ನಂಥವನಿಗೆ ಇದೊಂದು ಸೋಜಿಗ. ಆಡಳಿತದಲ್ಲಿ ತಪ್ಪು ಸಾಮಾನ್ಯವಾಗಿ ಹಿಂದಿನ ಅಧಿಕಾರಿಯದೇ ಆಗಿರುತ್ತದೆ!

ಸ್ವತಃ ಬೌದ್ಧ ಉಪಾಸಕನಾಗಿದ್ದರೂ, ಸ್ವಮತದ ಹೊಗಳಿಕೆಯಲ್ಲಿ ಮತ್ತು ಪರಮತದ ನಿಂದೆಯಲ್ಲಿ ನಾಲಗೆಗೆ ಹಿಡಿತವಿರಬೇಕೆಂದು 12ನೆಯ ಶಾಸನದಲ್ಲಿ ಆತ ವಿಧಿಸಿದನು. ಪಟ್ಟವೇರಿ 26 ವರ್ಷಗಳಾದ ಮೇಲೆ ಕೆತ್ತಿಸಿದ ಸ್ತಂಭಶಾಸನಗಳಲ್ಲೊಂದು ಇನ್ನೂ ಒಳಗಿಳಿಯುತ್ತದೆ. ಮನುಷ್ಯನ ಕಣ್ಣಿಗೆ ತನ್ನ ಒಳಿತಷ್ಟೇ ಬೀಳುತ್ತದೆ, ಕೆಡುಕು ಬೀಳುವುದಿಲ್ಲ ಎಂಬುದನ್ನು ಅದು ಗುರುತಿಸುತ್ತದೆ. ಈ ಪರೀಕ್ಷೆ ಕಠಿಣವೆಂದೂ ಒಪ್ಪುತ್ತದೆ.

ಎಷ್ಟು ಕಠಿಣವೆಂಬುದಕ್ಕೆ ಅಶೋಕನೇ ಸಾಕ್ಷಿ. ಆತ ಕಲಿಂಗವನ್ನು ಹಿಂದಿರುಗಿಸಲಿಲ್ಲ. ಕಲಿಂಗದಲ್ಲೇ ಇರುವ ಧೌಲಿ, ಜೌಗಡಗಳ ಬಂಡೆಗಳ ಮೇಲೆ ಆ ಪಶ್ಚಾತ್ತಾಪದ ಶಾಸನವಿಲ್ಲ. ನೊಂದವರ ಎದುರಿಗೇ ತಪ್ಪೊಪ್ಪಿಕೊಳ್ಳುವುದು ಚಕ್ರವರ್ತಿಗೂ ದುಸ್ತರವಾಯಿತೇನೋ! ಬದಲಿಗೆ ಅಲ್ಲಿರುವುದು ಅಧಿಕಾರಿಗಳಿಗೆ ಸೂಚನೆ: ಯಾರನ್ನೂ ನಿಷ್ಕಾರಣವಾಗಿ ಬಂಧಿಸಬಾರದು, ಹಿಂಸಿಸಬಾರದು, ಅಸೂಯೆ, ಕೋಪ, ಕ್ರೌರ್ಯ, ಆತುರ, ಆಲಸ್ಯಗಳು ತಮ್ಮಲ್ಲಿ ತಲೆದೋರದಂತೆ ನೋಡಿಕೊಳ್ಳಬೇಕು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಶಿಲೆಯ ಮೇಲೂ ಇಂಥದೇ ಸೂಚನೆಗಳಿವೆ; ಜೊತೆಗೆ ಪರನಿಂದೆಯನ್ನು ತಡೆಯುವ ಆ 12ನೆಯ ಶಾಸನವೂ ಇದೆ.