ಮನೆಯಂಗಳದಿಂದ ಚಂದ್ರನ ಚಿತ್ರ ತೆಗೆದ ಮುದ್ರಕ: ವಾರೆನ್ ಡಿ ಲಾ ರೂ

ಹುಣ್ಣಿಮೆಯ ರಾತ್ರಿ ಮೊಬೈಲಿನಲ್ಲಿ ಚಂದ್ರನ ಚಿತ್ರ ತೆಗೆದ ಮಕ್ಕಳು ಮರುದಿನ ಶಾಲೆಗೆ ತಂದು ತೋರಿಸುವುದು ಬಹುಮಟ್ಟಿಗೆ ಒಂದು ಬಿಳಿಯ ಚುಕ್ಕೆಯನ್ನು. ಮನೆಯಲ್ಲಿಯೇ ದೂರದರ್ಶಕವಿರಿಸಿಕೊಂಡು ಚಂದ್ರನ ಕುಳಿಗಳನ್ನೂ ಶನಿಯ ಬಳೆಗಳನ್ನೂ ಸ್ಪಷ್ಟವಾಗಿ ಚಿತ್ರಿಸುವ ಹವ್ಯಾಸಿಗಳು ಇಂದು ಅನೇಕರಿದ್ದಾರೆ. ಆ ಹವ್ಯಾಸಕ್ಕೆ ದಾರಿ ತೋರಿದ ಹಿರಿಯರಲ್ಲಿ ಪ್ರಮುಖರು ವಾರೆನ್ ಡಿ ಲಾ ರೂ. ವೃತ್ತಿಯಿಂದ ಅವರು ಖಗೋಳ ವಿಜ್ಞಾನಿಯಲ್ಲ, ಮುದ್ರಕರು.

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿರುವ ಗರ್ನ್ಸಿ ದ್ವೀಪದಲ್ಲಿ 1815ರಲ್ಲಿ ಅವರು ಜನಿಸಿದರು. ಆ ದ್ವೀಪ ಬ್ರಿಟಿಷ್ ಅರಸೊತ್ತಿಗೆಗೆ ಸೇರಿದ್ದು. ಅಲ್ಲಿನ ಜನಸಾಮಾನ್ಯರ ಆಡುಮಾತು ಆಗ ಫ್ರೆಂಚಿನ ಒಂದು ಬಗೆ. ಆಳ್ವಿಕೆಯ ಗೆರೆ ಒಂದೆಡೆ, ಮನೆಮಾತು ಇನ್ನೊಂದೆಡೆ ಇರುವ ಈ ಪರಿಸ್ಥಿತಿ ಗಡಿನಾಡಿನವರಾದ ನಮಗೆ ಹೊಸತಲ್ಲ. ಪ್ಯಾರಿಸ್ಸಿನಲ್ಲಿ ಶಿಕ್ಷಣ ಪಡೆದ ವಾರೆನ್, ಲಂಡನ್ನಿನಲ್ಲಿ ತಂದೆ ಥಾಮಸ್ ಕಟ್ಟಿದ ಉದ್ಯಮವನ್ನು ಸೇರಿದರು. ಇಸ್ಪೀಟು ಎಲೆ ಮತ್ತು ಕಾಗದದ ಸಾಮಗ್ರಿಗಳಿಗೆ ಹೆಸರಾದ ಆ ಸಂಸ್ಥೆಯೇ 1855ರಿಂದ ಭಾರತದ ಅಂಚೆಚೀಟಿಗಳನ್ನೂ ಮುದ್ರಿಸತೊಡಗಿತು. ನಮ್ಮ ಹಿರಿಯರ ಕಾಗದಗಳ ಮೇಲೆ ಅಂಟಿದ್ದ ಚೀಟಿಗಳಲ್ಲಿ ಎಷ್ಟೋ ಅಲ್ಲಿಂದ ಬಂದವು.

ಯಂತ್ರಗಳಲ್ಲಿ ಪಳಗಿದ್ದ ಅವರ ಕೈಗಳನ್ನು ಆಕಾಶದತ್ತ ತಿರುಗಿಸಿದವರು ಗೆಳೆಯರಾದ ಎಂಜಿನಿಯರ್ ಜೇಮ್ಸ್ ನಾಸ್ಮಿತ್. ಅವರು ಎರಕ ಹೊಯ್ದುಕೊಟ್ಟ 13 ಅಂಗುಲ ಅಗಲದ ಲೋಹದ ದರ್ಪಣವನ್ನು ಉಜ್ಜಿ ನಯಗೊಳಿಸುವ ಕಲೆಯನ್ನು ವಾರೆನ್ ತಾವೇ ಕಲಿತರು. ಹಗಲು ಕಾರ್ಖಾನೆ, ರಾತ್ರಿ ಕ್ಯಾನನ್‌ಬರಿಯ ಮನೆಯಲ್ಲಿ ದೂರದರ್ಶಕ: ಹೀಗೆ ದಿನಗಳು ಸಾಗಿದವು.

1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಅವರ ಸಂಸ್ಥೆಯ ಲಕೋಟೆ ಮಡಿಸುವ ಯಂತ್ರ ಜನರ ಗಮನ ಸೆಳೆಯಿತು. ಅವರ ಗಮನ ಸೆಳೆದದ್ದು ಮಾತ್ರ ಅಲ್ಲಿಯೇ ಇದ್ದ, ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ತೆಗೆದ ಚಂದ್ರನ ಛಾಯಾಚಿತ್ರ. ತಮ್ಮ ಮನೆಯಿಂದಲೂ ಅಂತಹ ಚಿತ್ರ ತೆಗೆಯಬೇಕೆಂಬ ಹಂಬಲ ಹುಟ್ಟಿತು. ಆಗತಾನೇ ಬಳಕೆಗೆ ಬಂದಿದ್ದ ವಿಧಾನದಲ್ಲಿ ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವ ಹಚ್ಚಿ, ಬೆಳಕಿಗೆ ಸ್ಪಂದಿಸುವಂತೆ ಅದನ್ನು ಸಂಸ್ಕರಿಸಿ, ಹಸಿ ಆರುವುದರೊಳಗೆ ಚಿತ್ರ ತೆಗೆದು ತೊಳೆಯಬೇಕಿತ್ತು. ಅದಕ್ಕಿಂತ ದೊಡ್ಡ ತೊಡಕು ಚಂದ್ರನ ಚಲನೆ. ನಿಶ್ಚಲವಾಗಿರುವ ದೂರದರ್ಶಕದಲ್ಲಿ ಚಂದ್ರಬಿಂಬ ಸುಮಾರು ಎರಡು ನಿಮಿಷಗಳಲ್ಲಿ ತನ್ನ ಅಗಲದಷ್ಟು ಸರಿದುಬಿಡುತ್ತದೆ. ಹಲವು ಸೆಕೆಂಡು ಬೆಳಕುಣ್ಣಬೇಕಾದ ಫಲಕದ ಮೇಲೆ ಚಿತ್ರ ಕದಡುತ್ತದೆ. 1852ರಲ್ಲಿ ಅವರು ಕೈಯಿಂದಲೇ ಚಂದ್ರನನ್ನು ಹಿಂಬಾಲಿಸುತ್ತ ಕೆಲವು ಒಳ್ಳೆಯ ಚಿತ್ರಗಳನ್ನು ಪಡೆದರು. ಆದರೆ ಕೈಗೆ ಅಷ್ಟು ನಿಖರತೆ ಸದಾ ಸಾಧ್ಯವಿರಲಿಲ್ಲ. ಆದುದರಿಂದ ಕೆಲಸವನ್ನು ನಿಲ್ಲಿಸಿದರು.

ನಿಲ್ಲಿಸಿದ್ದು ಸೋತು ಕೈಚೆಲ್ಲಿದ್ದಲ್ಲ. 1857ರಲ್ಲಿ ಕ್ರ್ಯಾನ್‌ಫರ್ಡ್ ಎಂಬ ಊರಿಗೆ ಮನೆ ಬದಲಾಯಿಸಿ, ದೂರದರ್ಶಕವನ್ನು ತಿರುಗಿಸುವ ಗಡಿಯಾರ ಯಂತ್ರವನ್ನು ಅಳವಡಿಸಿ ಮತ್ತೆ ಆರಂಭಿಸಿದರು. ಈ ಬಾರಿ ಮೂಡಿದ ಚಂದ್ರಚಿತ್ರಗಳು ಹಿಗ್ಗಿಸಿದರೂ ಸ್ಪಷ್ಟವಾಗಿದ್ದವು. ಚಂದ್ರ ನಮ್ಮೆಡೆಗೆ ತೋರುವ ಮುಖ ತುಸು ಓಲಾಡುವುದರಿಂದ, ಬೇರೆ ಬೇರೆ ರಾತ್ರಿಗಳ ಎರಡು ಚಿತ್ರಗಳನ್ನು ಜೋಡಿಸಿ, ಚಂದ್ರ ಗುಂಡಗೆ ಉಬ್ಬಿ ಕಾಣುವಂತೆಯೂ ಮಾಡಿದರು. ಗುರು, ಶನಿ ಗ್ರಹಗಳನ್ನೂ ಫಲಕಕ್ಕಿಳಿಸಲು ಯತ್ನಿಸಿದರು.

ಆ ಕಾಲದ ಖಗೋಳಜ್ಞರಿಗೆ ಬಗೆಹರಿಯದ ಪ್ರಶ್ನೆಯೊಂದಿತ್ತು. ಪೂರ್ಣ ಸೂರ್ಯಗ್ರಹಣದಲ್ಲಿ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು ಸೂರ್ಯನವೋ, ಚಂದ್ರನವೋ, ಬರಿಯ ಕಣ್ಣಿನ ಭ್ರಮೆಯೋ? ಸೂರ್ಯನ ಚಿತ್ರಗಳಿಗೆಂದು ತಾವೇ ರೂಪಿಸಿದ್ದ ಉಪಕರಣವನ್ನು ಹೊತ್ತು ಅವರು ಸ್ಪೇನಿನ ರಿವಾಬೆಲ್ಲೋಸಾ ಎಂಬಲ್ಲಿಗೆ ತೆರಳಿದರು. 1860ರ ಜುಲೈ 18ರಂದು ತೆಗೆದ ಚಿತ್ರಗಳಲ್ಲಿ, ಚಂದ್ರ ಮುಂದೆ ಸರಿದಂತೆ ಒಂದು ಬದಿಯ ಜ್ವಾಲೆಗಳು ಮರೆಯಾಗಿ ಇನ್ನೊಂದು ಬದಿಯವು ತೆರೆದುಕೊಂಡಿದ್ದವು. ಸ್ಪೇನಿನ ಇನ್ನೊಂದೆಡೆ ಪಾದ್ರಿ ಆಂಜೆಲೋ ಸೆಕ್ಕಿಯವರು ಪಡೆದ ಚಿತ್ರಗಳೂ ಇದಕ್ಕೆ ಹೊಂದಿದವು. ಜ್ವಾಲೆಗಳು ಸೂರ್ಯನವೇ ಎಂದು ಸಿದ್ಧವಾಯಿತು. 1862ರಲ್ಲಿ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕವನ್ನಿತ್ತಿತು. ಮುಂದೆ ಅವರು ಅದರ ಅಧ್ಯಕ್ಷರೂ ಆದರು. 1873ರಲ್ಲಿ ತಮ್ಮ ದೂರದರ್ಶಕವನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ದಾನ ಮಾಡಿದರು. 1889ರ ಏಪ್ರಿಲ್ 19ರಂದು ನಿಧನರಾದರು.

ಅವರು ತೋರಿದ ಮಾರ್ಗ ನಮ್ಮ ನೆಲಕ್ಕೂ ಬಂತು. 1871ರ ಡಿಸೆಂಬರ್ 12ರ ಪೂರ್ಣ ಗ್ರಹಣದಂದು, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲದಲ್ಲಿಯೂ ಹೆಸರಿನಲ್ಲೇ ಕನ್ನಡವನ್ನು ಹೊತ್ತ ನೀಲಗಿರಿಯ ದೊಡ್ಡಬೆಟ್ಟದಲ್ಲಿಯೂ ವಿಜ್ಞಾನಿಗಳು ಛಾಯಾಚಿತ್ರ ತೆಗೆದರು. ಎರಡೂ ಕಡೆ ಸೂರ್ಯನ ಸುತ್ತಲಿನ ಪ್ರಭೆಯ ಆಕಾರ ಒಂದೇ ಆಗಿತ್ತು. ಆ ಪ್ರಭೆಯೂ ನಮ್ಮ ವಾಯುಮಂಡಲದ್ದಲ್ಲ, ಸೂರ್ಯನದೇ ಎಂಬುದಕ್ಕೆ ಅದು ಬಲವಾದ ಸಾಕ್ಷಿಯಾಯಿತು. ಬೇಕಲ ಕೋಟೆಗೆ ಪ್ರವಾಸ ಹೋದಾಗ ಮಕ್ಕಳಿಗೆ ಇದನ್ನೂ ಹೇಳಬೇಕು.

ಚಿತ್ರ ತೆಗೆಯಬಯಸುವ ಮಕ್ಕಳಿಗೊಂದು ಮಾತು. ಹುಣ್ಣಿಮೆಗೆ ಕಾಯಬೇಡಿ. ಹುಣ್ಣಿಮೆಯಂದು ಬೆಳಕು ನೇರವಾಗಿ ಬೀಳುವುದರಿಂದ ಚಂದ್ರ ಚಪ್ಪಟೆಯಾಗಿ ಕಾಣುತ್ತಾನೆ. ಶುಕ್ಲಪಕ್ಷದ ಅಷ್ಟಮಿಯ ಸಂಜೆ, ಬೆಳಕು ಮತ್ತು ಕತ್ತಲೆ ಕೂಡುವ ಗೆರೆಯ ಬಳಿ ಕುಳಿಗಳ ನೆರಳು ಉದ್ದವಾಗಿ ಚಾಚಿರುತ್ತದೆ. ಶಾಲೆಯಲ್ಲಿ ಸಣ್ಣ ದೂರದರ್ಶಕವಿದ್ದರೆ ಅದರ ಕಣ್ಣುಗಾಜಿಗೆ ಮೊಬೈಲನ್ನು ಅಲುಗದಂತೆ ಹಿಡಿಯಿರಿ. ಮೊದಲ ಚಿತ್ರ ಕದಡಿದರೆ ಬೇಸರಪಡಬೇಡಿ, ಮರುದಿನ ನವಮಿಯಿದೆ.