ಕಂಪನದಿಂದ ಲೋಕವನ್ನರಿತ ಹೆಲೆನ್ ಕೆಲ್ಲರ್

ಜೇಬಿನಲ್ಲಿರುವ ಮೊಬೈಲು ಸದ್ದಿಲ್ಲದೆ ನಡುಗಿದರೆ ಕರೆ ಬಂದಿತೆಂದು ತಿಳಿಯುತ್ತದೆ. ಇಸಿಐಎಲ್ ನೆರೆಯ ಕುಷಾಯಿಗೂಡದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಇಂತಹ ಎಲೆಕ್ಟ್ರಾನಿಕ್ ಸೋಜಿಗಗಳು ಹೊಸವಲ್ಲ. ಆದರೆ ಇವಕ್ಕಿಂತ ಬಹು ಹಿಂದೆಯೇ ಕಂಪನದ ಮೂಲಕ ಲೋಕವನ್ನು ಅರಿತ ಮಹಿಳೆಯೊಬ್ಬರನ್ನು ಇಲ್ಲಿ ಸ್ಮರಿಸುವುದು ಉಚಿತವೆನಿಸುತ್ತದೆ.

1880ರ ಜೂನ್ 27ರಂದು ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾದಲ್ಲಿ ಜನಿಸಿದ ಹೆಲೆನ್ ಕೆಲ್ಲರ್, 19 ತಿಂಗಳ ಹಸುಳೆಯಾಗಿದ್ದಾಗಲೇ ಕಾಯಿಲೆಗೆ ತುತ್ತಾಗಿ ದೃಷ್ಟಿ, ಶ್ರವಣಗಳೆರಡನ್ನೂ ಕಳೆದುಕೊಂಡರು. 1887ರಲ್ಲಿ ಶಿಕ್ಷಕಿ ಆನ್ ಸಲಿವನ್ ಬಂದು ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಮೂಡಿಸಿ ಕಲಿಸಿದ ಕಥೆಯನ್ನು ಬಹುಮಂದಿ ಬಲ್ಲರು. ಮುಂದಿನದು ಅಷ್ಟಾಗಿ ಪ್ರಚಾರ ಪಡೆದಿಲ್ಲ.

1890ರಲ್ಲಿ ಬಾಸ್ಟನ್ನಿನ ಸಾರಾ ಫುಲ್ಲರ್ ಅವರಲ್ಲಿ ಹೆಲೆನ್ ಮಾತು ಕಲಿಯತೊಡಗಿದರು. ಎದುರಿನವರ ಗಂಟಲಿಗೆ ಹೆಬ್ಬೆರಳು, ತುಟಿಗೆ ತೋರುಬೆರಳು, ಮೂಗಿನ ಪಕ್ಕಕ್ಕೆ ನಡುಬೆರಳು ತಾಗಿಸಿ ಅವರಾಡುವ ಮಾತನ್ನು ಗ್ರಹಿಸುವುದು ಅವರಿಗೆ ರೂಢಿಯಾಯಿತು. ನಮ್ಮ ವ್ಯಾಕರಣವು ಕಂಠ್ಯ, ಓಷ್ಠ್ಯ, ಅನುನಾಸಿಕಗಳೆಂದು ವಿಂಗಡಿಸಿರುವುದನ್ನೇ ಆ ಮೂರು ಬೆರಳುಗಳು ಅದುರುವಿಕೆಯಿಂದ ಬೇರ್ಪಡಿಸುತ್ತಿದ್ದವು ಎನ್ನಬಹುದು. ಮನೆಗೆ ಬಂದವರನ್ನು ಮರದ ನೆಲದಲ್ಲಿ ಹರಿದುಬರುವ ಹೆಜ್ಜೆಯ ಕಂಪನದಿಂದ ಗುರುತಿಸುತ್ತಿದ್ದರು. 1924ರಲ್ಲಿ ರೇಡಿಯೋ ಉಪಕರಣದ ಅದುರುವ ತೆಳುಹಾಳೆಯ ಮೇಲೆ ಕೈಯಿಟ್ಟು ಬೀಥೋವನ್‌ನ ಒಂಬತ್ತನೆಯ ಸಿಂಫನಿಯನ್ನು ಅನುಭವಿಸಿದರು. ವಾದ್ಯಗಳ ನಡುವೆ ಮನುಷ್ಯಕಂಠಗಳು ಏರಿದ್ದನ್ನೂ ಅವರ ಬೆರಳು ಕಂಡುಕೊಂಡಿತು.

ಆದರೆ ಬೆರಳಿಗೆ ಒಲಿದದ್ದು ಕಂಠಕ್ಕೆ ಒಲಿಯಲಿಲ್ಲ. ತಮ್ಮ ದನಿಯನ್ನು ಕೇಳಿ ತಿದ್ದಿಕೊಳ್ಳುವ ಅವಕಾಶವಿಲ್ಲದ ಕಾರಣ, ವರ್ಷಗಟ್ಟಲೆ ಅಭ್ಯಾಸ ಮಾಡಿದರೂ ಅವರ ಉಚ್ಚಾರ ಅಪರಿಚಿತರಿಗೆ ಸ್ಪಷ್ಟವಾಗಲಿಲ್ಲ. 1904ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನಿಂದ ಪದವಿ ಪಡೆದ, ಹಲವು ಗ್ರಂಥಗಳನ್ನು ರಚಿಸಿದ ಈ ವಿದುಷಿಗೆ ಬಾಳಿನುದ್ದಕ್ಕೂ ಉಳಿದ ಕೊರಗು ಇದೊಂದೇ ಎಂದರೆ ತಪ್ಪಾಗಲಾರದು. ವೇದಿಕೆಯಲ್ಲಿ ಅವರ ನುಡಿಯನ್ನು ಜೊತೆಗಾತಿ ಮತ್ತೊಮ್ಮೆ ಹೇಳಬೇಕಾಗುತ್ತಿತ್ತು. 1955ರಲ್ಲಿ, 75ರ ಹೊಸ್ತಿಲಲ್ಲಿ ಭಾರತಕ್ಕೆ ಬಂದಾಗಲೂ ಪಾಲಿ ಥಾಮ್ಸನ್ ಜೊತೆಗಿದ್ದರು.

ಇನ್ನೊಂದು ತೊಡಕೂ ಇತ್ತು. ಮುಖ ಮುಟ್ಟಗೊಡುವಷ್ಟು ಹತ್ತಿರ ಬಂದವರ ಮಾತು ಮಾತ್ರ ಈ ವಿಧಾನಕ್ಕೆ ದಕ್ಕುತ್ತಿತ್ತು. ಮುಖದ ಹಂಗಿಲ್ಲದೆ ಚರ್ಮಕ್ಕೇ ಸುದ್ದಿ ಮುಟ್ಟಿಸಲು ವರ್ಜೀನಿಯಾ ವಿಶ್ವವಿದ್ಯಾಲಯದ ಫ್ರಾಂಕ್ ಗೆಲ್ಡಾರ್ಡ್ ಯತ್ನಿಸಿದರು. ಎದೆಯ ಮೇಲೆ ಐದು ಕಂಪಕಗಳು, ಒಂದೊಂದಕ್ಕೂ ಮೂರು ಬಗೆಯ ತೀವ್ರತೆ, ಮೂರು ಬಗೆಯ ಅವಧಿ. ಒಟ್ಟು 45 ಸಂಕೇತಗಳು. ಅವರು 1957ರಲ್ಲಿ ಇದನ್ನು ಪ್ರಕಟಿಸಿದಾಗ ಹೆಲೆನ್ ಇನ್ನೂ ಬದುಕಿದ್ದರು. 1968ರ ಜೂನ್ 1ರಂದು ಅವರು ನಿಧನರಾದರು.