ಹಾಡುಗಳಿಗೆ ಮನೆ ಕಟ್ಟಿದ ನಾಗೇಗೌಡರು

ಬೆಂಗಳೂರಿಂದ ಮೈಸೂರಿಗೆ ಹಳೇ ರಸ್ತೇಲಿ ಹೋಗಿದ್ದೀರಾ? ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೊರಟರೆ ಜಾನಪದ ಲೋಕ ಸಿಗುತ್ತೆ. ನಮ್ಮಲ್ಲಿ ಎಷ್ಟೋ ಜನ ಅಲ್ಲಿ ತಿಂಡಿಗೆ ಅಂತ ಗಾಡಿ ನಿಲ್ಲಿಸಿರ್ತೀವಿ, ಒಳಗೆ ಮಾತ್ರ ಹೋಗಿರಲ್ಲ. ನಾನೂ ಹಾಗೇ ಇದ್ದೆ. ಅದನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡರು.

ಅವರು ಹುಟ್ಟಿದ್ದು 1915ರಲ್ಲಿ, ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ. ಆಗೆಲ್ಲ ಹಳ್ಳಿಗಳಲ್ಲಿ ರಾಗಿ ಬೀಸೋಕೆ ಒಂದು ಪದ, ನಾಟಿ ಹಾಕೋಕೆ ಒಂದು ಪದ, ಮದುವೆಗೆ ಸೋಬಾನೆ. ಮುಂದೆ ಓದಿ ಸರ್ಕಾರಿ ಕೆಲಸಕ್ಕೆ ಸೇರಿ ಐಎಎಸ್ ಅಧಿಕಾರಿ ಆದರು. ಆದರೂ ಈ ಹಾಡುಗಳನ್ನು ಬಿಡಲಿಲ್ಲ. ಹಾಡುವವರನ್ನು ಹುಡುಕಿ, ಕೂರಿಸಿ ಕೇಳಿ, ಬರೆದುಕೊಂಡರು, ಟೇಪಿನಲ್ಲಿ ಹಿಡಿದಿಟ್ಟರು. ಸೋಬಾನೆ ಚಿಕ್ಕಮ್ಮ ಹಾಡಿದ ಪದಗಳು ಹೀಗೇ ಪುಸ್ತಕವಾದವು.

ಇದು ಯಾಕೆ ಅಷ್ಟು ಮುಖ್ಯ? ಈ ಹಾಡುಗಾರರಿಗೆ ನೋಟ್ಸ್ ಇಲ್ಲ, ಸಿಲಬಸ್ ಇಲ್ಲ. ಸೋಬಾನೆ ಅಮ್ಮನಿಂದಲೋ ಅತ್ತೆಯಿಂದಲೋ ಬರುತ್ತೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡ್ತಾರೆ, ಕಂಸಾಳೆಯವರು ಮಾದಪ್ಪನದು. ಅವರೂ ಹಿರಿಯರ ಜೊತೆ ಕೂತು, ಕೇಳಿ ಕೇಳಿಯೇ ಕಲಿತವರು. ಎಲ್ಲವೂ ತಲೆಯಲ್ಲೇ. ನಮ್ಮ ಭಾಷೇಲಿ ಹೇಳೋದಾದ್ರೆ ಬ್ಯಾಕಪ್ ಇಲ್ಲ. ಮೊಮ್ಮಕ್ಕಳು ಕೂತು ಕೇಳದಿದ್ದರೆ ಅಜ್ಜಿಯ ಜೊತೆ ಹಾಡೂ ಹೋಯ್ತು.

ನಿವೃತ್ತಿಯಾದ ಮೇಲೆ ಗೌಡರು ಮನೇಲಿ ಕೂರಲಿಲ್ಲ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಶುರು ಮಾಡಿದರು. ಆಗ ಅವರಿಗೆ 64 ವರ್ಷ. ರಾಮನಗರದ ಹತ್ತಿರ 15 ಎಕರೆ ಜಾಗದಲ್ಲಿ ಜಾನಪದ ಲೋಕ ಎದ್ದು ನಿಂತಿತು. 1994ರಲ್ಲಿ ಅದು ಉದ್ಘಾಟನೆಯಾದಾಗ ಅವರಿಗೆ 79. ಮರುವರ್ಷ ಮುಧೋಳದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2005ರಲ್ಲಿ ತೀರಿಕೊಂಡರು. ಆಗ ನಮ್ಮ ಬ್ಯಾಚಿನವರು ಇನ್ನೂ ಹುಟ್ಟಿರಲಿಲ್ಲ.

ಒಳಗೆ ನೇಗಿಲು, ಬೀಸುವ ಕಲ್ಲು, ತೊಗಲುಗೊಂಬೆ, ಬಗೆಬಗೆ ವಾದ್ಯ ಇವೆ. ನನಗೆ ಹೆಚ್ಚು ಇಷ್ಟವಾಗಿದ್ದು ಬಯಲು ರಂಗಮಂದಿರ. ಹಾಡನ್ನು ಟೇಪಿಗೆ ತುಂಬಿದರೆ ಸಾಲದು, ಹಾಡೋರಿಗೆ ಜಾಗ ಬೇಕು, ಕೇಳೋರೂ ಬೇಕು ಅಂತ ಗೌಡರಿಗೆ ಗೊತ್ತಿತ್ತು ಅನ್ಸುತ್ತೆ.

ಈ ಸಲ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅಜ್ಜಿ ಹತ್ರ ಒಂದು ಪದ ಹಾಡಿಸಿ, ಅದನ್ನು ಯಾರಿಂದ ಕಲಿತರು ಅಂತ ಕೇಳಿ. ರೆಕಾರ್ಡ್ ಮಾಡೋಕೆ ಫೋನ್ ನಿಮ್ಮ ಜೇಬಲ್ಲೇ ಇದೆ.